ದಪ್ಪ ಪುಸ್ತಕ ಬೆಳಗ್ಗೆ, ತೆಳು ಪುಸ್ತಕ ರಾತ್ರಿ

ಕೊನೆಗೂ ಕುವೆಂಪು ಅವರ ಕಾದಂಬರಿ ‘ಮಲೆಗಳಲ್ಲಿ ಮದುಮಗಳು’ ಮುಗಿಸಿದೆ. ಅದೂ ಒಂದೇ ತಿಂಗಳಲ್ಲಿ, ಜೊತೆಗೆ ಇನ್ನೂ ಕೆಲವು ಪುಸ್ತಕ ಇಟ್ಟುಕೊಂಡು. ಹೀಗೆ ಓದ್ತೀನಿ ಅಂದಾಗ ಗೆಳೆಯರು ‘ನಿನ್ನ ಕೈಲಿ ಆಗಲ್ಲ ಬಿಡೋ’ ಅಂತ ನಕ್ಕಿದ್ದರು. ಅವರೂ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಈ ಪುಸ್ತಕ ಹಿಡಿದು ಬಿಟ್ಟಿದ್ದು ಎಷ್ಟೋ ಸಲ. ರಜೆ ಹಾಕಿ ಕೂತರೆ ಎರಡನೇ ದಿನಕ್ಕೇ ನಿದ್ದೆ. ದಿನಕ್ಕೆ ಐವತ್ತು ಪುಟ ಅಂತ ಲೆಕ್ಕ ಹಾಕಿದರೆ ವಾರದಲ್ಲಿ ಬಾಕಿ ಪುಟ ಬಡ್ಡಿ ಥರ ಬೆಳೀತಿತ್ತು. ಒಮ್ಮೆ ಆನ್‌ಲೈನಿನಲ್ಲಿ ತರಿಸಿದ ಪ್ರತಿಯಲ್ಲಿ ಒಂದು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ) ಎರಡು ಸಲ ಇತ್ತು, ಮುಂದಿನ ಫಾರಂ ಇರಲೇ ಇಲ್ಲ. ಆ ದುಡ್ಡು ವಾಪಸ್ ಬರೋ ಹೊತ್ತಿಗೆ ಓದುವ ಉಮೇದೇ ಹೋಗಿತ್ತು. ಆದರೆ ನಿಜವಾದ ತೊಂದರೆ ಜನರದ್ದು. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹೀಗೆ ಮನೆ ಮೇಲೆ ಮನೆ. ಹೆಗ್ಗಡೆ ಯಾರು, ಗೌಡ ಯಾರು, ಯಾರ ಆಳು ಯಾರು? ನೂರು ಪುಟದೊಳಗೆ ತಲೆ ಕೆಟ್ಟು ಪುಸ್ತಕ ಅಟ್ಟ ಸೇರುತ್ತಿತ್ತು.

ಈ ಸಲ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಮನೆಗೊಂದು ಚೌಕ ಹಾಕಿದೆ. ಒಳಗೆ ಮನೆಯವರ ಹೆಸರು, ಕೆಳಗೆ ಆಳುಗಳದ್ದು. ಯಾರಾದರೂ ಒಂದು ಮನೆಯಿಂದ ಇನ್ನೊಂದಕ್ಕೆ ಹೊರಟರೆ ಪೆನ್ಸಿಲ್ಲಿನಲ್ಲಿ ಗೆರೆ. ಹೆಂಡತಿ ನೋಡಿ ‘ಪರೀಕ್ಷೆ ಯಾವಾಗ?’ ಅಂದಳು. ಇನ್ನೂರು ಪುಟದ ಹೊತ್ತಿಗೆ ಹಾಳೆ ತುಂಬ ಗುತ್ತಿಯದೇ ಗೆರೆ! ತಿಮ್ಮಿಯನ್ನು ಹಾರಿಸಿಕೊಂಡು ಹೋಗಲು ಹೊರಟ ಜೀತದಾಳು, ಅವನ ಹಿಂದೆ ಹುಲಿಯ ಅನ್ನೋ ನಾಯಿ. ದಾರಿ ಗೊತ್ತಿರೋನು ಅವನೇ, ಅವನನ್ನೇ ಹಿಂಬಾಲಿಸಿದರೆ ಸಾಕು ಅಂತ ಆಗ ಹೊಳೆಯಿತು. ಆಮೇಲೆ ಹಾಳೆ ಜಾಸ್ತಿ ಬೇಕಾಗಲಿಲ್ಲ.

ಬೆಳಗ್ಗೆ ಕಾಫಿ ಜೊತೆ ದಪ್ಪದ್ದು, ಹೆಚ್ಚೂಕಮ್ಮಿ 25 ಪುಟ. ಪುಸ್ತಕ 700 ಪುಟದ ಆಸುಪಾಸು ಇದೆ, ಲೆಕ್ಕ ನೀವೇ ಹಾಕಿಕೊಳ್ಳಿ. ರಾತ್ರಿ ತೆಳು ಪುಸ್ತಕ. ಎಲ್ಲಿ ನಿಲ್ಲಿಸಿದರೆ ಮಾರನೇ ದಿನ ಕೈ ತಾನಾಗಿ ಪುಸ್ತಕಕ್ಕೆ ಹೋಗುತ್ತೆ ಅನ್ನೋದಕ್ಕೂ ಒಂದು ಉಪಾಯ ಇದೆ. ಅದು ನನ್ನ ಹತ್ತಿರವೇ ಇರಲಿ.

ಅಭಿಪ್ರಾಯ? ಐತ, ಪೀಂಚಲು ಅನ್ನೋ ಆಳುಗಳ ಜೋಡಿ ಬಂದ ಪುಟಗಳಲ್ಲಿ ಕಾಫಿ ಆರಿಹೋಗಿದೆ. ಪಾದ್ರಿ ಮತ್ತು ಬೆಟ್ಟಳ್ಳಿಯ ದೇವಯ್ಯನ ಕಡೆಗೆ ಕಥೆ ತಿರುಗಿದಾಗ ಮಾತ್ರ ನನ್ನ ವೇಗ ಇಳಿಯಿತು. 1967ರ ಪುಸ್ತಕ ಇದು. ಆಳುಮಕ್ಕಳನ್ನು ಕಥೆಯ ನಡುಮನೆಯಲ್ಲೇ ಕೂರಿಸಿದ್ದು ಈಗಲೂ ದೊಡ್ಡದು ಅನ್ನಿಸುತ್ತೆ.

ರಾತ್ರಿ ಪಾಳಿಯಲ್ಲಿ ಮೊದಲು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಒಂದೇ ಕೂರಿಕೆಗೆ ಮುಗಿಯಿತು. ಇರುವೆ ಕೊಲ್ಲುವ ಪುಟಗಳನ್ನು ಓದಿ ಅಡುಗೆಮನೆಯಲ್ಲಿ ಲಕ್ಷ್ಮಣರೇಖೆ ಎಳೆಯೋಕೂ ಮುಜುಗರ. ಹೆಂಡತಿಗೆ ಕೊಟ್ಟರೆ ‘ಕೊನೇ ಹಾಳೆ ಎಲ್ಲಿ?’ ಅಂತ ಹುಡುಕಿದಳು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತೆ ಓದಿದೆ. ಮಂದಣ್ಣನಿಗೆ ವಯಸ್ಸೇ ಆಗಿಲ್ಲ, ಹೆಚ್ಚು ಹೇಳೋದೇನಿಲ್ಲ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ ತೆಳುವೇನಲ್ಲ, ಆದರೆ ಓಡುತ್ತೆ ಅಂತ ಎಲ್ಲರೂ ಹೇಳಿದ್ದಕ್ಕೆ ರಾತ್ರಿಗೇ ಇಟ್ಟುಕೊಂಡೆ. ಓಡಿತು ನಿಜ. ಲಿಸ್ಬನ್ನಿನ ಭಾಗ ಬಲು ಚೆನ್ನ. ಆದರೆ ಲೇಖಕರು ಕಲೆಹಾಕಿದ ಮಾಹಿತಿ ಕೆಲವು ಕಡೆ ಪಾತ್ರಗಳಿಗಿಂತ ಮುಂದೆ ಬಂದು ನಿಲ್ಲುತ್ತೆ. ಬೈಯೋರು ಬೈಯಿರಿ, ನನಗೆ ಹಾಗೆ ಕಂಡಿತು.

ಖರ್ಚು ಎಲ್ಲ ಸೇರಿ ಒಂಬೈನೂರೋ ಸಾವಿರವೋ ಆಗಿರಬೇಕು. ಹೊಸದಾಗಿ ಕೊಂಡಿದ್ದು ‘ಮದುಮಗಳು’ ಒಂದೇ. ಉಳಿದವು ಲೈಬ್ರರಿ ಮತ್ತು ಅವೆನ್ಯೂ ರಸ್ತೆಯ ಹಳೇ ಪುಸ್ತಕ. ಯಾವ ಅಂಗಡಿ ಅಂತ ಕೇಳಬೇಡಿ, ಹೇಳಿದರೆ ನನಗೇ ಸಿಗಲ್ಲ. ಹೋದ ವರ್ಷ ಪುಸ್ತಕಮೇಳದಲ್ಲಿ ನಾಲ್ಕು ಸಾವಿರ ಸುರಿದು ತಂದದ್ದರಲ್ಲಿ ಅರ್ಧ ಇನ್ನೂ ಕವರಿನಲ್ಲೇ ಇದೆ.

ನಡುವೆ ಸುಮ್ನೆ ಒಂದು ಪ್ರಯೋಗ. ದೇವನೂರ ಮಹಾದೇವರ ‘ಕುಸುಮಬಾಲೆ’ ಕಣ್ಣಲ್ಲಿ ಓದಿದರೆ ನನಗೆ ಹತ್ತುತ್ತಿರಲಿಲ್ಲ, ಅದು ನಂಜನಗೂಡು ಕಡೆಯ ಆಡುಮಾತಿನಲ್ಲಿದೆ, ನಾನು ಆ ಸೀಮೆಯವನಲ್ಲ. ಆ ಕಡೆಯ ಗೆಳೆಯನಿಗೆ ಕೆಲವು ಪುಟ ಓದಿ ವಾಟ್ಸಾಪಿನಲ್ಲಿ ಕಳಿಸು ಅಂದೆ. ಬದಲಿಗೆ ಎರಡು ಬಾಡೂಟ ಕೇಳಿದ. ಜೋತಮ್ಮಗಳು, ಅಂದರೆ ದೀಪಗಳು, ಸೇರಿ ಮಾತಾಡುವ ಪುಟ ಅವನ ದನಿಯಲ್ಲಿ ಕೇಳಿದೆ ನೋಡಿ, ಆಮೇಲೆ ಉಳಿದದ್ದನ್ನು ನಾನೇ ಜೋರಾಗಿ ಓದಿಕೊಂಡೆ. ಮುಕ್ಕಾಲು ಪಾಲು ಸಿಕ್ಕಿತು. ಉಳಿದ ಕಾಲು ಪಾಲಿಗೆ ಮೂರನೇ ಬಾಡೂಟ ಬೇಕಂತೆ.