ಮುದಿ ಹೋತದ ಮೂಳೆ, ನನ್ನ ಅನಾಟಮಿ

ವೆಟರ್ನರಿ ಕಾಲೇಜಿನ ಫಸ್ಟ್ ಇಯರ್ ವೈವಾದಲ್ಲಿ (ಬಾಯಿಪರೀಕ್ಷೆ) ಹೊರಗಿನಿಂದ ಬಂದ ಪರೀಕ್ಷಕರು ಒಂದು ಸ್ಕ್ಯಾಪುಲಾ, ಅಂದರೆ ಹೆಗಲ ಮೂಳೆ, ಕೈಗಿಟ್ಟು "ಎಡದ್ದೋ ಬಲದ್ದೋ?" ಅಂದರು. ಕೆಳಗೆ ನೋಡದೆಯೇ ಹೇಳಿದೆ. ಅದರ ಮೇಲಿನ ಏಣಿನ (ಸ್ಪೈನ್) ಮೇಲೆ ಹೆಬ್ಬೆರಳು ಎಳೆದರೆ ಸಾಕು, ಅದು ಯಾವ ಅಂಚಿಗೆ ಹತ್ತಿರವೋ ಅದೇ ಮುಂದಿನ ಅಂಚು. ಏಣಿನ ತುದಿಯಲ್ಲಿ ಅಕ್ರೋಮಿಯನ್ ಅನ್ನುವ ಚಾಚು ಸಿಕ್ಕಿತು, ಅಂದರೆ ಕುದುರೆಯದಲ್ಲ, ದನದ್ದು. ಹಾಸ್ಟೆಲ್‌ನಲ್ಲಿ ಎಲ್ಲರೂ ನಕ್ಕಿದ್ದ ನನ್ನ ಮೂಳೆ ಚೀಲದ ಪುಣ್ಯ ಅದು.

ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಹತ್ತು ಸ್ಪಾಟರ್‌ಗೆ (ಮುಂದಿಟ್ಟದ್ದನ್ನು ನೋಡಿ ಗುರುತಿಸುವುದು) ಮೂರೇ ಸರಿಯಾಗಿತ್ತು. ಕಾಲೇಜಿನ ಮೂಳೆ ರೂಮಿಗೆ ತರುವ ಹಾಗಿಲ್ಲ, ಚಿತ್ರ ನೋಡಿದರೆ ನನಗೆ ತಲೆಯಲ್ಲಿ ನಿಲ್ಲುವುದಿಲ್ಲ. ಸರಿ, ನಾನೇ ಮಾಡಿಕೊಳ್ಳೋಣ ಅಂತ ರಜೆಯಲ್ಲಿ ಊರಿಗೆ ಬಂದೆ. ಸತ್ತು ಬಿದ್ದ ಮೇಕೆ ಕೊಡುತ್ತೇವೆ ಅಂದವರೂ ಇದ್ದರು. ಏನಾಗಿ ಸತ್ತಿತೋ, ಮನುಷ್ಯರಿಗೂ ಹರಡುವ ಆಂಥ್ರಾಕ್ಸ್ ರೋಗ ಇದ್ದರೆ? ಬೇಡ ಅಂದೆ.

ಮಟನ್ ಅಂಗಡಿಯಲ್ಲಿ ಮುಂಗಾಲು, ಹಿಂಗಾಲು ಒಂದೊಂದು ಇಡಿಯಾಗಿ ಕೊಂಡೆ, ಸಾವಿರದ ಮೇಲಾಯಿತು. ಸೋಡಾ ಹಾಕಿ ಗಂಟೆಗಟ್ಟಲೆ ಕುದಿಸಿದೆ. ತೊಡೆ ಮೂಳೆಯ (ಫೀಮರ್) ತಲೆ ಟೋಪಿಯ ಹಾಗೆ ಕಳಚಿ ಕೈಗೆ ಬಂತು! ಅಂಗಡಿಗೆ ಬರುವುದೆಲ್ಲ ಎಳೆಯ ಮೇಕೆ, ಬೆಳವಣಿಗೆಯ ಪ್ಲೇಟ್ ಇನ್ನೂ ಕೂಡಿರುವುದಿಲ್ಲ, ಅಲ್ವಾ? ಓದಿದ್ದೆ, ಹೊಳೆದಿರಲಿಲ್ಲ. ಉಳಿದದ್ದನ್ನು ಬ್ಲೀಚಿಂಗ್ ಪೌಡರ್‌ನಲ್ಲಿ ಮುಳುಗಿಸಿದೆ, ಸೀಮೆಸುಣ್ಣದ ಹಾಗೆ ಪುಡಿಯಾಯಿತು. ದುಡ್ಡೂ ಹೋಯಿತು, ಅಮ್ಮನ ಪಾತ್ರೆಯೂ ಹೋಯಿತು.

ಆಮೇಲೆ ಅಂಗಡಿಯ ಭಾಯಿಗೇ ಹೇಳಿದೆ, ಮುದಿ ಹೋತ ಬಂದರೆ ಮಚ್ಚು ತಾಗಿಸದೆ ಮಾಂಸ ಮಾತ್ರ ಬಿಡಿಸಿ ಮೂಳೆ ಕೊಡಿ ಅಂತ. "ಡಾಕ್ಟ್ರೇ, ಸೂಪಿಗೂ ಬರಲ್ಲ ಇದು" ಅಂತ ನಕ್ಕರು, ಎಂಟುನೂರು ಚಿಲ್ಲರೆ ತೆಗೆದುಕೊಂಡರು. ಈ ಸಲ ಒಲೆ ಹತ್ತಿಸಲೇ ಇಲ್ಲ. ಹಳೇ ಪೇಂಟ್ ಬಕೆಟ್, ತಣ್ಣೀರು, ಮುಚ್ಚಳ, ಹಿತ್ತಲ ಮೂಲೆ. ಏಪ್ರಿಲ್ ಬಿಸಿಲಿಗೆ ಮೂರು ವಾರ ಸಾಕಾಯಿತು. ನೀರು ಪೂರ್ತಿ ಚೆಲ್ಲಬೇಡಿ, ಅರ್ಧ ಬದಲಿಸಿ, ಕೊಳೆಸುವ ಬ್ಯಾಕ್ಟೀರಿಯಾ ಎಲ್ಲ ಅದರಲ್ಲೇ ಇರುತ್ತದೆ. ವಾಸನೆ ಬಗ್ಗೆ ಕೇಳಲೇಬೇಡಿ. ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಲ್ಲಿ ಜಿಡ್ಡು ಬಿಡುವವರೆಗೆ ನೆನೆಸಿದೆ, ಕೊನೆಗೆ ಬಿಳುಪಿಗೆ ಮೆಡಿಕಲ್ ಶಾಪಿನ ಪೆರಾಕ್ಸೈಡ್. ಒಟ್ಟು ಖರ್ಚು ಎರಡೂವರೆ ಸಾವಿರದ ಹತ್ತಿರ, ಹಾಳಾದದ್ದೂ ಸೇರಿ.

ಓದಿದ್ದು ಸುಮ್ನೆ ಹೀಗೆ: ರಾತ್ರಿ ಲೈಟ್ ಆರಿಸಿ ಚೀಲಕ್ಕೆ ಕೈ ಹಾಕುವುದು, ಸಿಕ್ಕಿದ ಮೂಳೆಯ ಹೆಸರು, ಬದಿ, ಒಂದು ಗುರುತು ಹೇಳಿ ಆಮೇಲೆ ಹೊರಗೆ ತೆಗೆಯುವುದು. ಮುಂಗಾಲಿನ ಮಣಿಕಟ್ಟಿನ ಸಣ್ಣ ಮೂಳೆಗಳಿಗೇ (ಕಾರ್ಪಲ್) ಜಾಸ್ತಿ ದಿನ ಹಿಡಿಯಿತು. ಸ್ನಾಯು ಹುಟ್ಟುವ ಜಾಗಕ್ಕೆ ಕೆಂಪು ನೇಲ್ ಪಾಲಿಶ್, ಸೇರುವ ಜಾಗಕ್ಕೆ ನೀಲಿ ಹಚ್ಚಿದ್ದೆ, ತಂಗಿಯದು, ಇನ್ನೂ ಕೊಡಿಸಿಲ್ಲ.

ನಡುವೆ ಇನ್ನೊಂದು ಹುಚ್ಚು. ಭಾಯಿ ಹತ್ತಿರ ತೂತಾಗದ ಶ್ವಾಸಕೋಶ ತಂದು ಸೈಕಲ್ ಪಂಪ್‌ನಿಂದ ಗಾಳಿ ಹೊಡೆದೆ. ಬಾಯಿಂದ ಊದಬೇಡಿ ಮತ್ತೆ. ಕಂದು ಮುದ್ದೆ ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬಿತು. ಶ್ವಾಸನಾಳ (ಟ್ರೇಕಿಯಾ) ಎರಡಾಗಿ ಒಡೆಯುವ ಮೊದಲೇ ಬಲಗಡೆಯ ಶ್ವಾಸಕೋಶದ ಮುಂದಿನ ಭಾಗಕ್ಕೆ (ಲೋಬ್) ಬೇರೆ ಕೊಳವೆ ಹೊರಟಿರುವುದು ಕಂಡಿತು. ಕಿರುಬೆರಳು ತೂರಿಸಿಯೂ ನೋಡಿದೆ. ವೈವಾದಲ್ಲಿ ಎರಡನೇ ಪ್ರಶ್ನೆ ಅದೇ ಆಗಿತ್ತು.