ಹಳೇ ಊರಿನ ಸಾವಿನ ಲೆಕ್ಕ ಓದುವುದು ಹೇಗೆ?

ತಾಲ್ಲೂಕಿನಲ್ಲಿ ಜನನ-ಮರಣ ನೋಂದಣಿ ನೋಡಿಕೊಂಡವಳು ನಾನು. ಹಳೇ ಸಾವಿನ ಲೆಕ್ಕ ಎಲ್ಲೇ ಸಿಕ್ಕರೂ ಓದದೆ ಬಿಡುವುದಿಲ್ಲ. ಇಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹಾವರ್ತ್ ಅನ್ನೋ ಸಣ್ಣ ಊರನ್ನು ಇಟ್ಟುಕೊಂಡು ಹೇಳುತ್ತೇನೆ. 1850ರಲ್ಲಿ ಬೆಂಜಮಿನ್ ಬ್ಯಾಬೇಜ್ ಎಂಬ ಸರ್ಕಾರಿ ಇನ್‌ಸ್ಪೆಕ್ಟರ್ ಅಲ್ಲಿಗೆ ಬಂದು ವರದಿ ಬರೆದರು. ಸತ್ತವರ ಸರಾಸರಿ ವಯಸ್ಸು ಬರೀ 25.8 ವರ್ಷ!

ಅಲ್ಲಿನವರೆಲ್ಲ 25ಕ್ಕೇ ಸಾಯುತ್ತಿದ್ದರು ಅಂದುಕೊಳ್ಳಬೇಡಿ. ಮೊದಲು ಮಕ್ಕಳ ಸಾವನ್ನು ಬೇರೆ ಎಣಿಸಿ. ಹತ್ತು ಸಾವಿನಲ್ಲಿ ಐದು ಹಸುಗೂಸುಗಳದ್ದು, ಐದು 60ರ ಆಸುಪಾಸಿನವರದ್ದು ಅಂದರೆ ಸರಾಸರಿ 30 ಬರುತ್ತದೆ. 30ಕ್ಕೆ ಸತ್ತವರು ಒಬ್ಬರೂ ಇಲ್ಲ, ಅಲ್ವಾ? ಹಾವರ್ತ್‌ನಲ್ಲಿ ಸತ್ತವರ ಪೈಕಿ ಶೇ. 41.6ರಷ್ಟು ಆರು ವರ್ಷ ತುಂಬದ ಮಕ್ಕಳು. ನನ್ನ ಪ್ರಕಾರ ಇಡೀ ವರದಿಯಲ್ಲಿ ಕರುಳು ಹಿಂಡುವ ಅಂಕಿ ಇದೇ. ಇನ್‌ಸ್ಪೆಕ್ಟರ್ ಬರಲಿ ಅಂತ ಅರ್ಜಿ ಹಾಕಿ ಬೆನ್ನು ಹತ್ತಿದವರು ಊರಿನ ಪಾದ್ರಿ ಪ್ಯಾಟ್ರಿಕ್ ಬ್ರಾಂಟೆ. ಅವರು 84 ವರ್ಷ ಬದುಕಿದರು. ಅವರ ಆರು ಮಕ್ಕಳಲ್ಲಿ ಒಬ್ಬರೂ 40 ಮುಟ್ಟಲಿಲ್ಲ.

ಆಮೇಲೆ ಸಾವಿನ ದರ ತೆಗೆಯಿರಿ. ವರ್ಷದ ಸಾವನ್ನು ಜನಸಂಖ್ಯೆಯಿಂದ ಭಾಗಿಸಿ, 1000ದಿಂದ ಗುಣಿಸಿ. ಜನಸಂಖ್ಯೆಗೆ 1841, 1851ರ ಜನಗಣತಿ ಇದೆ. 1848ರ ಆರೋಗ್ಯ ಕಾಯ್ದೆ ಸಾವಿರಕ್ಕೆ 23ನ್ನು ಅಪಾಯದ ಗೆರೆ ಮಾಡಿತ್ತು. ಸಣ್ಣ ಊರಲ್ಲಿ ಒಂದು ವರ್ಷದ ಲೆಕ್ಕ ನಂಬಬೇಡಿ, ಒಂದು ಜ್ವರ ಬಂದು ಹೋದರೂ ಏರುಪೇರಾಗುತ್ತದೆ. ಆ ಕಾಯ್ದೆಯೂ ಏಳು ವರ್ಷದ ಸರಾಸರಿ ಕೇಳುತ್ತಿತ್ತು.

ಯಾವ ಪುಸ್ತಕ ಓದುತ್ತಿದ್ದೀರಿ ಅನ್ನೋದೂ ಮುಖ್ಯ. ಚರ್ಚಿನ ಪುಸ್ತಕದಲ್ಲಿರುವುದು ಹೂಳಿದ ದಿನ, ಸತ್ತ ದಿನವಲ್ಲ. ಹೆಸರು, ಮನೆ ಇದ್ದ ಜಾಗ, ವಯಸ್ಸು ಸಿಗುತ್ತವೆ. ರೋಗಕ್ಕೆ ಕಾಲಮ್ಮೇ ಇಲ್ಲ. ಬೇರೆ ಪಂಥದವರು ತಮ್ಮದೇ ಜಾಗದಲ್ಲಿ ಹೂಳುತ್ತಿದ್ದರು. ಪಾದ್ರಿಯ ಕಿರಿಮಗಳು ಆ್ಯನ್ 1849ರಲ್ಲಿ ಸ್ಕಾರ್ಬರೋದಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದಳು. ಹೀಗೆ ಊರ ಹೊರಗೆ ಹೋದವರು ಊರಿನ ಲೆಕ್ಕಕ್ಕೆ ಸಿಗುವುದಿಲ್ಲ.

ಸಾವಿನ ಕಾರಣ ಬೇಕಿದ್ದರೆ 1837ರ ಜುಲೈನಿಂದ ಶುರುವಾದ ಸರ್ಕಾರಿ ನೋಂದಣಿ ನೋಡಿ. ಮಗುವಿನ ಹೆಸರಿನ ಮುಂದೆ ‘ಹಲ್ಲು ಬರುವುದು’ ಅಂತ ಕಾರಣ ಬರೆದಿರುತ್ತಾರೆ! ಹಲ್ಲಿನಿಂದ ಮಗು ಸಾಯುತ್ತದೆಯೇ? ಆ ವಯಸ್ಸಿಗೆ ಬರುವ ಭೇದಿಯೋ ಜ್ವರವೋ ಅದರ ಹಿಂದೆ ಇದ್ದಿರಬಹುದು. ಹಾಗೆಯೇ ಟೈಫಸ್ (ಹೇನಿನಿಂದ ಹರಡುವ ಜ್ವರ), ಟೈಫಾಯ್ಡ್ ಎರಡನ್ನೂ ಇಂಗ್ಲೆಂಡಿನ ಸರ್ಕಾರಿ ಅಂಕಿಅಂಶ ಬೇರೆ ಮಾಡಿದ್ದು 1869ರಿಂದ, ಅದಕ್ಕೂ ಮುಂಚಿನ ಲೆಕ್ಕದಲ್ಲಿ ‘ಟೈಫಸ್’ ಅಂತಿದ್ದರೆ ಎರಡರಲ್ಲಿ ಯಾವುದೂ ಆಗಿರಬಹುದು.

ಕೊನೆಗೆ ತಿಂಗಳು ಮತ್ತು ಬೀದಿ. ಮಕ್ಕಳ ಸಾವು ಜುಲೈನಿಂದ ಸೆಪ್ಟೆಂಬರ್‌ವರೆಗೆ ಜಾಸ್ತಿ ಇದ್ದರೆ ಭೇದಿಯನ್ನು ಅನುಮಾನಿಸಿ. ಚಳಿಯಲ್ಲಿ ಮುದುಕರ ಸಾವು ಜಾಸ್ತಿ ಇದ್ದರೆ ಎದೆಯ ಕಾಯಿಲೆ. ಹಾವರ್ತ್‌ನಲ್ಲಿ ಬ್ಯಾಬೇಜ್ ಎಣಿಸಿದ ಕಕ್ಕಸುಗಳು 69, ಒಳಚರಂಡಿ ಇರಲೇ ಇಲ್ಲ. ಸ್ಮಶಾನದ ತುಂಬ ಚಪ್ಪಡಿ ಹಾಸಿ ಗಾಳಿಯೂ ಆಡದಂತಾಗಿತ್ತು. ನಿಮ್ಮ ಊರಿನ ನಕ್ಷೆಯಲ್ಲೂ ಬಾವಿ, ಕಕ್ಕಸು, ಸ್ಮಶಾನ ಗುರುತು ಮಾಡಿ, ಸಾವಾದ ಮನೆಗಳಿಗೆ ಒಂದೊಂದೇ ಚುಕ್ಕೆ ಇಡುತ್ತಾ ಹೋಗಿ.