ಹಳೆಯ ಕಡತ ಎಡಕ್ಕೆ, ಯೂನಿಕೋಡ್ ಪ್ರತಿ ಬಲಕ್ಕೆ: ವರ್ಡ್‌ನಲ್ಲಿ ಎರಡು ದಾಖಲೆಗಳನ್ನು ಒಟ್ಟಿಗೆ ನೋಡುವ ಕ್ರಮ

ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಫಾಂಟುಗಳಲ್ಲಿ ಹಿಂದೆ ಬೆರಳಚ್ಚಾದ ಪುಸ್ತಕವೊಂದನ್ನು ಇಂದು ಮರುಮುದ್ರಣಕ್ಕೆ ಸಿದ್ಧಪಡಿಸುವವರು ಮೊದಲು ಅದನ್ನು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೇ ಪ್ರತ್ಯೇಕ ಸಂಕೇತಗಳಿರುವ ವ್ಯವಸ್ಥೆಗೆ, ಪರಿವರ್ತಿಸುತ್ತಾರೆ. ಕರಡು ತಿದ್ದುವ ಕೆಲಸ ಆರಂಭವಾಗುವುದು ಅದರ ನಂತರ. ಪರಿವರ್ತನೆಯಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಾರಿರಬಹುದು, ಒತ್ತಕ್ಷರ ಕಳಚಿರಬಹುದು, ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗಿರಬಹುದು. ಇವನ್ನು ಪತ್ತೆಹಚ್ಚಲು ಮೂಲ ಕಡತವೂ ಹೊಸ ಪ್ರತಿಯೂ ಏಕಕಾಲಕ್ಕೆ ಕಣ್ಣೆದುರಿಗಿರಬೇಕು.

ಎರಡು ಕಡತಗಳನ್ನು ಹೋಲಿಸಲು ಮೈಕ್ರೋಸಾಫ್ಟ್ ವರ್ಡ್‌ನ 'ರಿವ್ಯೂ' ಟ್ಯಾಬಿನಲ್ಲಿ 'ಕಂಪೇರ್' ಎಂಬ ಸೌಲಭ್ಯವಿದೆ. ಎರಡೂ ಯೂನಿಕೋಡ್‌ನಲ್ಲಿದ್ದರೆ ಅದು ಬಹಳ ಉಪಯುಕ್ತ. ಆದರೆ ಇಲ್ಲಿ ಅದು ನೆರವಿಗೆ ಬರುವುದಿಲ್ಲ. ಆಸ್ಕಿ ಫಾಂಟಿನ ಕಡತದಲ್ಲಿ ನಮಗೆ ಕಾಣುವುದು ಕನ್ನಡವಾದರೂ ಒಳಗೆ ಶೇಖರವಾಗಿರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ನುಡಿ ಫಾಂಟಿನಲ್ಲಿ ಬರೆದ 'ಕ' ಅಕ್ಷರವನ್ನು ಆಯ್ದು ಅದರ ಫಾಂಟನ್ನು ಬದಲಿಸಿ ನೋಡಿದರೆ ದೊಡ್ಡ 'ಪಿ' ಅಕ್ಷರವೂ ಅದರ ಪಕ್ಕದಲ್ಲಿ ತಲೆಯ ಮೇಲೆ ಗೀರು ಹೊತ್ತ ದೊಡ್ಡ 'ಎ' ಅಕ್ಷರವೂ ಕಾಣಿಸುತ್ತವೆ. ಯಂತ್ರದ ಲೆಕ್ಕದಲ್ಲಿ ಎರಡು ಕಡತಗಳಲ್ಲಿ ಒಂದೇ ಒಂದು ಕನ್ನಡ ಪದವೂ ಹೊಂದುವುದಿಲ್ಲವಾದ್ದರಿಂದ ಅದು ಇಡೀ ಪುಸ್ತಕವನ್ನೇ ವ್ಯತ್ಯಾಸವೆಂದು ತೋರಿಸುತ್ತದೆ. ಹೋಲಿಕೆಯನ್ನು ಕಣ್ಣೇ ಮಾಡಬೇಕು, ಕಣ್ಣಿಗೆ ಆದಷ್ಟು ಕಡಿಮೆ ಅಲೆದಾಟವಾಗುವಂತೆ ಪರದೆಯನ್ನು ನಾವು ಜೋಡಿಸಿಕೊಳ್ಳಬೇಕು.

ಮೊದಲು ಮೂಲ ಕಡತವನ್ನು ತೆರೆಯುವ ಬಗೆಯನ್ನು ಹೇಳುತ್ತೇನೆ. ಒಮ್ಮೆ ನಾನು ಎರಡೂ ಕಿಟಕಿಗಳನ್ನು ತೆರೆದಿಟ್ಟು, ಸುಮಾರು ಎರಡು ಪುಟಗಳ ತಿದ್ದುಪಡಿಯನ್ನು ಹೊಸ ಪ್ರತಿಯ ಬದಲು ಮೂಲದಲ್ಲೇ ಮಾಡಿ ಉಳಿಸಿಬಿಟ್ಟಿದ್ದೆ. ಯಾವುದು ಮೂಲ ಪಾಠ, ಯಾವುದು ನನ್ನ ಕೈವಾಡ ಎಂದು ಬೇರ್ಪಡಿಸಲು ಹಳೆಯ ಅಚ್ಚಿನ ಪ್ರತಿಯನ್ನು ಹುಡುಕಿ ತರಿಸಬೇಕಾಯಿತು. ಅಂದಿನಿಂದ ಮೂಲವನ್ನು ಓದಲು ಮಾತ್ರ ಬರುವಂತೆ ತೆರೆಯುತ್ತೇನೆ. ಕಂಟ್ರೋಲ್ ಮತ್ತು ಎಫ್ 12 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಓಪನ್' ಚೌಕಟ್ಟು ಬರುತ್ತದೆ. ಅಲ್ಲಿ ಕಡತವನ್ನು ಆಯ್ದು, 'ಓಪನ್' ಗುಂಡಿಯ ಪಕ್ಕದ ಸಣ್ಣ ಬಾಣವನ್ನು ಒತ್ತಿ 'ಓಪನ್ ರೀಡ್-ಓನ್ಲಿ' ಎಂಬುದನ್ನು ಆರಿಸಬೇಕು. ಬಳಿಕ ತಪ್ಪಿ ಏನಾದರೂ ಬೆರಳಚ್ಚಿಸಿದರೂ ಅದೇ ಹೆಸರಿನಲ್ಲಿ ಉಳಿಸಲು ವರ್ಡ್ ಬಿಡುವುದಿಲ್ಲ.

ಹೊಸ ಪ್ರತಿಯನ್ನು ಎಂದಿನಂತೆ ತೆರೆದ ನಂತರ 'ವ್ಯೂ' ಟ್ಯಾಬಿಗೆ ಹೋಗಿ 'ವ್ಯೂ ಸೈಡ್ ಬೈ ಸೈಡ್' ಗುಂಡಿಯನ್ನು ಒತ್ತಿದರೆ ಎರಡೂ ಕಿಟಕಿಗಳು ಪರದೆಯನ್ನು ಅರ್ಧರ್ಧ ಹಂಚಿಕೊಂಡು ಅಕ್ಕಪಕ್ಕ ನಿಲ್ಲುತ್ತವೆ. ಒಂದೇ ಕಡತ ತೆರೆದಿದ್ದರೆ ಈ ಗುಂಡಿ ಮಸುಕಾಗಿರುತ್ತದೆ. ಎರಡಕ್ಕಿಂತ ಹೆಚ್ಚು ತೆರೆದಿದ್ದರೆ ಯಾವುದರೊಂದಿಗೆ ಹೋಲಿಸಬೇಕೆಂದು ವರ್ಡ್ ಕೇಳುತ್ತದೆ. ಯಾವ ಕಿಟಕಿ ಯಾವ ಬದಿಗೆ ಬಂದರೂ ಶೀರ್ಷಿಕೆಪಟ್ಟಿಯನ್ನು ಹಿಡಿದೆಳೆದು ಮೂಲವನ್ನು ಯಾವಾಗಲೂ ಎಡಕ್ಕೇ ಇಟ್ಟುಕೊಳ್ಳಿ ಎಂಬುದು ನನ್ನ ಆಗ್ರಹ. ವಾರದೊಳಗೆ ಕೈಗೂ ಕಣ್ಣಿಗೂ ಅದು ರೂಢಿಯಾಗುತ್ತದೆ. ಅಳತೆ ಏರುಪೇರಾದರೆ 'ರೀಸೆಟ್ ವಿಂಡೋ ಪೊಸಿಶನ್' ಎರಡನ್ನೂ ಮತ್ತೆ ಸಮಪಾಲಿಗೆ ತರುತ್ತದೆ.

ಅಕ್ಕಪಕ್ಕ ಇಟ್ಟ ಕ್ಷಣದಿಂದಲೇ 'ಸಿಂಕ್ರೊನಸ್ ಸ್ಕ್ರೋಲಿಂಗ್' ತಾನಾಗಿ ಚಾಲೂ ಆಗಿರುತ್ತದೆ, ಅಂದರೆ ಒಂದನ್ನು ಸರಿಸಿದರೆ ಇನ್ನೊಂದೂ ಜೊತೆಗೇ ಸರಿಯುತ್ತದೆ. ಹೊಸಬರು ಕಂಗೆಡುವುದು ಇಲ್ಲಿಯೇ. ವರ್ಡ್ ಪಠ್ಯವನ್ನು ಓದಿ ಹೊಂದಿಸುವುದಿಲ್ಲ, ಎರಡನ್ನೂ ಒಂದೇ ಪ್ರಮಾಣದಲ್ಲಿ ಸರಿಸುತ್ತದೆ, ಅಷ್ಟೆ. ಹಳೆಯ ಫಾಂಟಿನ ಸಾಲುಗಳ ಎತ್ತರ ಬೇರೆ, ತುಂಗಾ ಅಥವಾ ನಿರ್ಮಲಾ ಫಾಂಟಿನ ಸಾಲುಗಳ ಎತ್ತರ ಬೇರೆ. ಅಕ್ಷರಗಳ ಅಗಲವೂ ಬೇರೆಯಾದ್ದರಿಂದ ಸಾಲು ಮುರಿಯುವ ಜಾಗವೂ ಬದಲಾಗುತ್ತದೆ. ನಾಲ್ಕು ಪುಟ ದಾಟುವಷ್ಟರಲ್ಲಿ ಎಡಗಡೆಯ ಪ್ಯಾರಾ ಬಲಗಡೆ ಎಲ್ಲೋ ಕೆಳಗೆ ಇಳಿದಿರುತ್ತದೆ. ಹಾಗಾದಾಗ 'ಸಿಂಕ್ರೊನಸ್ ಸ್ಕ್ರೋಲಿಂಗ್' ಗುಂಡಿಯನ್ನು ಒಮ್ಮೆ ಒತ್ತಿ ನಿಲ್ಲಿಸಿ, ಹಿಂದೆ ಬಿದ್ದ ಕಿಟಕಿಯೊಂದನ್ನೇ ಸರಿಸಿ ಒಂದೇ ಪ್ಯಾರಾದ ಮೊದಲ ಸಾಲುಗಳನ್ನು ಸಮಮಟ್ಟಕ್ಕೆ ತಂದು, ಗುಂಡಿಯನ್ನು ಮತ್ತೆ ಒತ್ತಿದರೆ ಅಲ್ಲಿಂದ ಮುಂದಕ್ಕೆ ಎರಡೂ ಜೊತೆಯಾಗಿ ಸಾಗುತ್ತವೆ. ನಾನು ಪ್ರತಿ ಅಧ್ಯಾಯದ ಆರಂಭದಲ್ಲೂ, ಪದ್ಯಭಾಗ ಬಂದಲ್ಲೆಲ್ಲ ಇನ್ನೊಮ್ಮೆಯೂ ಇದನ್ನು ಮಾಡುತ್ತೇನೆ. ಪರಿಶೀಲನೆಯ ಮಟ್ಟಿಗೆ ಹೊಸ ಪ್ರತಿಯ ಸಾಲಿನ ಅಂತರವನ್ನು ಮೂಲಕ್ಕೆ ಹತ್ತಿರವಾಗಿಸಿಕೊಂಡರೆ ಈ ಜಾರುವಿಕೆ ಬಹಳ ಕಡಿಮೆಯಾಗುತ್ತದೆ.

ಸಣ್ಣ ಲ್ಯಾಪ್‌ಟಾಪಿನ ಪರದೆಯಲ್ಲಿ ಅರ್ಧ ಕಿಟಕಿ ಇಕ್ಕಟ್ಟೆನಿಸುವುದು ಸಹಜ. ಕಂಟ್ರೋಲ್ ಮತ್ತು ಎಫ್ 1 ಒತ್ತಿ ಮೇಲಿನ ರಿಬ್ಬನ್ನನ್ನು ಮಡಚಿಡಿ, 'ಜೂಮ್' ವಿಭಾಗದಲ್ಲಿ 'ಪೇಜ್ ವಿಡ್ತ್' ಆರಿಸಿ. ಆಗಲೂ ಅಕ್ಷರ ಚಿಕ್ಕದೆನಿಸಿದರೆ ಅಕ್ಕಪಕ್ಕದ ಜೋಡಣೆಯನ್ನು ಬಿಟ್ಟು 'ಅರೇಂಜ್ ಆಲ್' ಒತ್ತುವುದು ಒಳ್ಳೆಯದು. ಇದು ತೆರೆದಿರುವ ಎಲ್ಲ ಕಡತಗಳನ್ನು ಒಂದರ ಕೆಳಗೊಂದು ಇಡುತ್ತದೆ, ಹೀಗಾಗಿ ಸಾಲು ಪೂರ್ಣ ಅಗಲದಲ್ಲಿ ಕಾಣುತ್ತದೆ. ಎರಡು ಕಡತಗಳಿಗೆ ಇದು ಸರಿ, ಮೂರಕ್ಕೆ ಸಹಿಸಬಹುದು, ನಾಲ್ಕಾದರೆ ಪ್ರತಿಯೊಂದರಲ್ಲೂ ಕೆಲವೇ ಸಾಲುಗಳು ಉಳಿಯುತ್ತವೆ. ಬೇಡದ ಕಿಟಕಿಗಳನ್ನು ಮೊದಲೇ ಮಿನಿಮೈಸ್ ಮಾಡಿಟ್ಟರೆ ಅವು ಈ ಸಾಲಿನೊಳಗೆ ಸೇರುವುದಿಲ್ಲ.

ಕೆಲವೊಮ್ಮೆ ನೋಡಬೇಕಾದ ಎರಡು ಜಾಗಗಳು ಒಂದೇ ಕಡತದಲ್ಲಿರುತ್ತವೆ. ಪರಿವಿಡಿಯ ಶೀರ್ಷಿಕೆಯೂ ಒಳಗಿನ ಶೀರ್ಷಿಕೆಯೂ ಹೊಂದುತ್ತವೆಯೇ, ಮೊದಲ ಅಧ್ಯಾಯದಲ್ಲಿ ಬರೆದ ಊರಿನ ಹೆಸರು ಹತ್ತನೆಯದರಲ್ಲೂ ಹಾಗೆಯೇ ಇದೆಯೇ ಎಂಬ ಪರಿಶೀಲನೆಗೆ 'ಸ್ಪ್ಲಿಟ್' ಸಾಕು. ಆಲ್ಟ್, ಕಂಟ್ರೋಲ್, ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಿಟಕಿಯ ನಡುವೆ ಅಡ್ಡಗೆರೆ ಮೂಡಿ ಮೇಲಿನ ಭಾಗವೂ ಕೆಳಗಿನ ಭಾಗವೂ ಸ್ವತಂತ್ರವಾಗಿ ಸರಿಯುತ್ತವೆ. ಆ ಗೆರೆಯ ಮೇಲೆ ಎರಡು ಬಾರಿ ಕ್ಲಿಕ್ಕಿಸಿದರೆ ವಿಭಜನೆ ಹೋಗುತ್ತದೆ. ವರ್ಡ್ ಹೀಗೆ ಅಡ್ಡಲಾಗಿ ಮಾತ್ರ ಸೀಳುತ್ತದೆ. ಉದ್ದಕ್ಕೆ ಬೇಕಿದ್ದರೆ 'ನ್ಯೂ ವಿಂಡೋ' ಒತ್ತಿ ಅದೇ ಕಡತದ ಎರಡನೆಯ ಕಿಟಕಿಯನ್ನು ತೆರೆದು, ಆ ಎರಡನ್ನು ಅಕ್ಕಪಕ್ಕ ಇಡಬಹುದು. ಅವು ಎರಡು ಪ್ರತಿಗಳೆಂದು ಗಾಬರಿಯಾಗಬೇಕಿಲ್ಲ: ಒಂದರಲ್ಲಿ ತಿದ್ದಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಕಾಣುತ್ತದೆ, ಎಲ್ಲಿ ಉಳಿಸಿದರೂ ಉಳಿಯುವುದು ಒಂದೇ ಕಡತ.

ಲಿಬ್ರೆ ಆಫೀಸ್ ರೈಟರ್ ಬಳಸುವವರಿಗೆ 'ವಿಂಡೋ' ಮೆನುವಿನಲ್ಲಿ 'ನ್ಯೂ ವಿಂಡೋ' ಸಿಗುತ್ತದೆ, ಅಕ್ಕಪಕ್ಕ ಜೋಡಿಸುವ ಕೆಲಸವನ್ನು ಕಾರ್ಯಾಚರಣ ವ್ಯವಸ್ಥೆಗೇ ವಹಿಸಬೇಕು. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯೊಂದಿಗೆ ಎಡ ಅಥವಾ ಬಲ ಬಾಣವನ್ನು ಒತ್ತಿದರೆ ಕಿಟಕಿ ಆಯಾ ಬದಿಯ ಅರ್ಧಕ್ಕೆ ಹೋಗಿ ಕೂರುತ್ತದೆ. 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ವಿಂಡೋಸ್ ಕೀಲಿ ಮತ್ತು ಜೆಡ್ ಒತ್ತಿದರೆ ಜೋಡಣೆಯ ಹಲವು ಮಾದರಿಗಳು ಎದುರಿಗೆ ಬರುತ್ತವೆ. ಹೀಗೆ ಇಟ್ಟಾಗ ಕಿಟಕಿಗಳು ಜೊತೆಯಾಗಿ ಸರಿಯುವುದಿಲ್ಲ. ಮೂಲದ ಪಕ್ಕದಲ್ಲಿ ನಿಘಂಟನ್ನೋ ಪಿಡಿಎಫ್ ಕಡತವನ್ನೋ ಇಟ್ಟುಕೊಳ್ಳುವಾಗ ಅದು ಕೊರತೆ ಎನಿಸುವುದೂ ಇಲ್ಲ.

ದಿನದ ಕೆಲಸ ನಿಲ್ಲಿಸುವಾಗ ಒಂದು ಚೀಟಿಯಲ್ಲಿ ಎರಡು ಪುಟಸಂಖ್ಯೆಗಳನ್ನು ಬರೆದಿಡಿ, ಮೂಲದ್ದೊಂದು, ಹೊಸ ಪ್ರತಿಯದ್ದೊಂದು. ಮರುದಿನ ಹೊಸ ಪ್ರತಿಯಲ್ಲಿ ಶಿಫ್ಟ್ ಮತ್ತು ಎಫ್ 5 ಒತ್ತಿದರೆ ಸಾಮಾನ್ಯವಾಗಿ ಕೊನೆಯದಾಗಿ ತಿದ್ದಿದ ಜಾಗ ಸಿಗುತ್ತದೆ. ಆದರೆ ಮೂಲದಲ್ಲಿ ನಾವು ಏನನ್ನೂ ತಿದ್ದಿರುವುದಿಲ್ಲ, ಯೂನಿಕೋಡ್‌ನಲ್ಲಿ ಪದವನ್ನು ಬೆರಳಚ್ಚಿಸಿ ಅಲ್ಲಿ ಹುಡುಕಲೂ ಬರುವುದಿಲ್ಲ. ಕಂಟ್ರೋಲ್ ಮತ್ತು ಜಿ ಒತ್ತಿ, ಚೀಟಿಯಲ್ಲಿರುವ ಪುಟಸಂಖ್ಯೆಯನ್ನು ಕೊಟ್ಟು ಅಲ್ಲಿಗೆ ಹೋಗಿ, ಎರಡೂ ಕಡೆಯ ಪ್ಯಾರಾಗಳನ್ನು ಸಮಮಟ್ಟಕ್ಕೆ ತಂದ ಮೇಲೆಯೇ ಜೊತೆಯಾಗಿ ಸರಿಸುವ ಗುಂಡಿಯನ್ನು ಒತ್ತಿ.